ಕತ್ತಿಯ ಬೆನ್ನು ಕೆನ್ನೆಯಿಂದ ಎಷ್ಟು ದೂರ?

ಪ್ಯಾರಿಸ್ಸಿನಲ್ಲಿ ಜಾನ್-ಜಾಕ್ ಪೆರೆ ಎಂಬ ಕತ್ತಿ ಕಸುಬಿನ ಯಜಮಾನನೊಬ್ಬನಿದ್ದ. 1769ರಲ್ಲಿ ಅವನು ಒಂದು ಪುಸ್ತಕ ಅಚ್ಚು ಹಾಕಿಸಿದ. ತನ್ನ ಗಡ್ಡವನ್ನು ತಾನೇ ತೆಗೆದುಕೊಳ್ಳುವುದು ಹೇಗೆ ಎಂಬುದಷ್ಟೇ ಅದರ ವಿಷಯ. ಹೆಸರು ‘ಲಾ ಪೊಗೊನೊಟೊಮಿ’. ಆ ಕಾಲದ ಯೂರೋಪಿನ ಗೌರವಸ್ಥ ಗಂಡಸು ಗಡ್ಡ ಬಿಡುತ್ತಿರಲಿಲ್ಲ. ಹಾಗಂತ ಕತ್ತಿಯನ್ನು ತಾನೇ ಮುಟ್ಟುವವರೂ ಹೆಚ್ಚಿರಲಿಲ್ಲ. ಕ್ಷೌರಿಕ ಮನೆಗೆ ಬರಬೇಕು, ಇಲ್ಲವೇ ಇವರೇ ಅವನ ಅಂಗಡಿಗೆ ಹೋಗಿ ಸರದಿ ಕಾಯಬೇಕು. ಸಮುದ್ರದಾಚೆ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್‌ಗೂ ಈ ಕಾಯುವಿಕೆ ಸಾಕಾಗಿತ್ತು. ಬಡ ಹುಡುಗನೊಬ್ಬನಿಗೆ ಸಾವಿರ ಗಿನಿ ಕೊಡುವುದಕ್ಕಿಂತ, ಗಡ್ಡ ಹೆರೆದುಕೊಳ್ಳುವುದನ್ನೂ ಕತ್ತಿಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದನ್ನೂ ಕಲಿಸಿಕೊಟ್ಟರೆ ಅವನ ಬದುಕಿಗೆ ಹೆಚ್ಚು ಸುಖ ಸಿಗುತ್ತದೆ ಎಂದು ಆತ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ದುಡ್ಡು ಖರ್ಚಾಗಿಹೋಗುತ್ತದೆ, ಕ್ಷೌರಿಕನ ಕೊಳಕು ಬೆರಳು, ಬಾಯಿವಾಸನೆ, ಮೊಂಡು ಕತ್ತಿ ಇವುಗಳಿಂದ ಸಿಕ್ಕ ಬಿಡುಗಡೆ ದಿನದಿನವೂ ಉಳಿಯುತ್ತದೆ ಎಂಬುದು ಅವನ ಲೆಕ್ಕ.

ಇಬ್ಬರ ಉತ್ಸಾಹವೂ ಸರಿಯೇ. ಆದರೆ ಮಡಚುವ ಕತ್ತಿಯನ್ನು ಮೊದಲ ಸಲ ಕೈಗೆತ್ತಿಕೊಂಡವನು ಕನ್ನಡಿಯ ಮುಂದೆ ನಿಂತ ಕ್ಷಣಕ್ಕೇ ಒಂದು ಪ್ರಶ್ನೆಗೆ ಸಿಕ್ಕಿಬೀಳುತ್ತಾನೆ. ಅಲಗು ಚರ್ಮಕ್ಕೆ ತಾಗಬೇಕು, ಅದು ಗೊತ್ತು. ಬೆನ್ನು ಎಲ್ಲಿರಬೇಕು? ಕೆನ್ನೆಗೆ ಒರಗಿರಬೇಕೆ, ಎದ್ದು ನಿಂತಿರಬೇಕೆ, ನಡುವೆ ಎಲ್ಲೋ ಇರಬೇಕೆ?

ಪುಸ್ತಕಗಳು ಕೊಡುವ ಉತ್ತರ ಸುಮಾರು 30 ಡಿಗ್ರಿ. ರೇಡಿಯೋದಲ್ಲಿ ಚಿತ್ರ ಬಿಡಿಸಿ ತೋರಿಸುವಂತಿಲ್ಲವಾದ್ದರಿಂದ ಕೇಳುಗರು ಗೋಡೆ ಗಡಿಯಾರವನ್ನು ನೆನೆದುಕೊಳ್ಳಲಿ. ಸರಿಯಾಗಿ ಒಂದು ಗಂಟೆಗೆ ದೊಡ್ಡ ಮುಳ್ಳು ಹನ್ನೆರಡರ ಮೇಲೆ, ಚಿಕ್ಕದು ಒಂದರ ಮೇಲೆ. ಅವೆರಡರ ನಡುವಿನ ತೆರಪು 30 ಡಿಗ್ರಿ. ದೊಡ್ಡ ಮುಳ್ಳು ಕೆನ್ನೆಯಾದರೆ ಚಿಕ್ಕ ಮುಳ್ಳು ಕತ್ತಿ.

ಲೆಕ್ಕ ಸೊಗಸಾಗಿದೆ, ಆದರೆ ಮುಖಕ್ಕೆ ಸಾಬೂನು ನೊರೆ ಬಳಿದುಕೊಂಡು ನಿಂತವನ ಕೈಯಲ್ಲಿ ಕೋನಮಾಪಕ ಇರುವುದಿಲ್ಲ. ಅದರ ಅಗತ್ಯವೂ ಇಲ್ಲ, ಏಕೆಂದರೆ ಅಳತೆಗೋಲು ಕತ್ತಿಯಲ್ಲೇ ಇದೆ. ಕ್ಷೌರದ ಕತ್ತಿಯ ಅಡ್ಡಸೀಳು ನೋಡಿದರೆ ಅದೊಂದು ಉದ್ದನೆಯ ಬೆಣೆ. ಬೆನ್ನು ದಪ್ಪ, ಬಾಯಿ ತೆಳು. ಸಾಮಾನ್ಯ ಅಳತೆಯ ಕತ್ತಿಯಲ್ಲಿ ಬೆನ್ನಿನ ದಪ್ಪ ನಾಲ್ಕೂವರೆ ಮಿಲಿಮೀಟರ್ ಆಸುಪಾಸು, ಅಲ್ಲಿಂದ ಅಲಗಿನ ತುದಿಗೆ ಹದಿನೈದು ಮಿಲಿಮೀಟರ್ ಆಸುಪಾಸು. ಹಾಗಾಗಿ ಬೆಣೆಯ ಕೋನ ಸುಮಾರು 17 ಡಿಗ್ರಿ. ಕತ್ತಿಯನ್ನು ಕೆನ್ನೆಯ ಮೇಲೆ ಪೂರ್ತಿ ಮಲಗಿಸಿದರೂ ಅದರ ನಡುಗೆರೆ ಚರ್ಮಕ್ಕೆ ಎಂಟೂವರೆ ಡಿಗ್ರಿ ಓರೆಯಲ್ಲಿರುತ್ತದೆ. ಇನ್ನು ಬೆನ್ನನ್ನು ಅದರದೇ ದಪ್ಪದಷ್ಟು ಮೇಲೆತ್ತಿ. ಅಂದರೆ ಬೆನ್ನಿಗೂ ಕೆನ್ನೆಗೂ ನಡುವೆ ಇನ್ನೊಂದು ಬೆನ್ನು ಹಿಡಿಸುವಷ್ಟು ಜಾಗ ಬಿಡಿ. ಕೋನ 27 ಡಿಗ್ರಿಗೆ ಬಂದು ನಿಲ್ಲುತ್ತದೆ. ಎರಡು ಬೆನ್ನಿನಷ್ಟು ಎತ್ತಿದರೆ ನೇರ 48ಕ್ಕೆ ಹಾರುತ್ತದೆ. ಇಲ್ಲಿನ ಸ್ವಾರಸ್ಯವೆಂದರೆ ಕತ್ತಿ ದೊಡ್ಡದಿರಲಿ ಚಿಕ್ಕದಿರಲಿ, ಬೆಣೆಯ ಕೋನ ಒಂದೇ ಇರುವವರೆಗೆ ಈ ಲೆಕ್ಕ ಬದಲಾಗದು. ಅಗಲ ಹೆಚ್ಚಿದ ಕತ್ತಿಗೆ ಬೆನ್ನೂ ದಪ್ಪವಾಗಿಯೇ ಇರುತ್ತದೆ. ಆದ್ದರಿಂದ ಕಲಿಯುವವನಿಗೆ ಡಿಗ್ರಿಯ ಮಾತು ಬೇಡ, ಒಂದು ಬೆನ್ನಿನಷ್ಟು ತೆರಪು ಎಂದರೆ ಸಾಕು.

ಕಡಿಮೆಯಾದರೆ ಏನಾಗುತ್ತದೆ? ಅಲಗು ಕೂದಲಿನ ಬುಡಕ್ಕೆ ಕಚ್ಚುವುದಿಲ್ಲ. ಕೂದಲನ್ನು ಮಲಗಿಸಿ ಅದರ ಮೇಲೆ ಜಾರುತ್ತದೆ, ಅಥವಾ ಅರ್ಧ ಕಚ್ಚಿ ಎಳೆಯುತ್ತದೆ. ನೋವು ಚುರ್ರೆನ್ನುತ್ತದೆ, ರಕ್ತ ಬರುವುದಿಲ್ಲ, ಗಡ್ಡವೂ ಹೋಗುವುದಿಲ್ಲ. ಕಲಿಯುವವನು ಕತ್ತಿ ಮೊಂಡಾಗಿದೆ ಎಂದುಕೊಂಡು ಒತ್ತಡ ಹಾಕುತ್ತಾನೆ. ಎಡವಟ್ಟು ಶುರುವಾಗುವುದೇ ಅಲ್ಲಿ.

ಹೆಚ್ಚಾದರೆ ಕತೆ ಬೇರೆ. ಎದ್ದು ನಿಂತ ಅಲಗು ಕೂದಲನ್ನು ಕತ್ತರಿಸುವುದರ ಜೊತೆಗೆ ಚರ್ಮದ ಮೇಲ್ಪದರವನ್ನೂ ಕೆರೆದು ತೆಗೆಯುತ್ತದೆ. ನೀರು ಹಾಕಿಕೊಂಡಾಗ ಉರಿ, ಸಂಜೆಗೆ ಕೆಂಪು ಗುಳ್ಳೆ. ಚರ್ಮ ಸಡಿಲವಾಗಿದ್ದರೆ ಅಲಗಿನ ಮುಂದೆ ಅದು ಮಡಿಕೆಯಾಗಿ ಏಳುತ್ತದೆ, ಅಲಗು ಆ ಮಡಿಕೆಗೆ ನುಗ್ಗುತ್ತದೆ. ಹೊಸಬರು ಮಾಡಿಕೊಳ್ಳುವ ಗಾಯಗಳಲ್ಲಿ ಹೆಚ್ಚಿನವು ಈ ಎರಡರ ಜೋಡಿಯಿಂದ: ಬೆನ್ನು ಮೇಲೆ, ಚರ್ಮ ಸಡಿಲ. ಹರಿತ ಹೆಚ್ಚಿದ್ದಕ್ಕೆ ಕೊಯ್ದಿತು ಎನ್ನುವುದು ಅರೆಸತ್ಯ. ಮೊಂಡು ಕತ್ತಿಯನ್ನು ಒತ್ತಿ ಹಿಡಿಯುವವನೇ ಹೆಚ್ಚು ಕೊಯ್ದುಕೊಳ್ಳುತ್ತಾನೆ.

ಹಾಗಾದರೆ 27ಕ್ಕೋ 30ಕ್ಕೋ ಕೈಯನ್ನು ಬಿಗಿ ಹಿಡಿದು ಎಳೆದುಬಿಟ್ಟರೆ ಆಯಿತಲ್ಲ? ಆಗುವುದಿಲ್ಲ. ಕೋನ ಇರುವುದು ಕತ್ತಿ ಮತ್ತು ಚರ್ಮದ ನಡುವೆ. ಕೈ ಅಲುಗದಿದ್ದರೂ ಚರ್ಮ ತಿರುಗುತ್ತಲೇ ಇರುತ್ತದೆ. ಗದ್ದದ ತಿರುವನ್ನೇ ತೆಗೆದುಕೊಳ್ಳಿ. ಎರಡೂವರೆ ಸೆಂಟಿಮೀಟರ್ ತ್ರಿಜ್ಯದ ಒಂದು ಉಬ್ಬಿನ ಮೇಲೆ ಅಲಗು ಒಂದು ಸೆಂಟಿಮೀಟರ್ ಜರುಗಿತು ಅನ್ನಿ. ಅಷ್ಟರೊಳಗೆ ಅಲಗಿನ ಕೆಳಗಿನ ನೆಲ ಸುಮಾರು 23 ಡಿಗ್ರಿ ವಾಲಿರುತ್ತದೆ. 27ರಲ್ಲಿ ಹೊರಟ ಕತ್ತಿಗೆ ಉಳಿಯುವುದು ನಾಲ್ಕೇ ಡಿಗ್ರಿ. ಅದಕ್ಕೂ ಮೊದಲೇ ಬೆನ್ನು ಚರ್ಮಕ್ಕೆ ತಗುಲಿ ಅಲಗು ಕೆಲಸ ನಿಲ್ಲಿಸುತ್ತದೆ. ಉಬ್ಬಿನ ಮೇಲೆ ಕೋನ ಹೀಗೆ ಕುಗ್ಗಿದರೆ, ದವಡೆಯ ಕೆಳಗಿನ ತಗ್ಗಿನಲ್ಲಿ ಹಿಗ್ಗುತ್ತದೆ. ಗದ್ದದ ಮೇಲೆ ಕೂದಲು ಉಳಿಯಿತೆಂದು ಬೆನ್ನೆತ್ತಿದವನು ಅದೇ ಹಿಡಿತದಲ್ಲಿ ತಗ್ಗಿಗೆ ಇಳಿದರೆ ಅಲ್ಲಿ ಕೊಯ್ತ ಖಂಡಿತ.

ಇದಕ್ಕೆ ಕಸುಬಿನವರು ಕಂಡುಕೊಂಡ ಪರಿಹಾರ ಬಲಗೈಯಲ್ಲಿಲ್ಲ, ಎಡಗೈಯಲ್ಲಿದೆ. ಅನುಭವಿ ಕ್ಷೌರಿಕರ ಎಡಗೈಯನ್ನು ಗಮನಿಸಿ ನೋಡಿ. ಅದು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಕಿವಿಯ ಬಳಿ ಚರ್ಮವನ್ನು ಮೇಲಕ್ಕೆ ಜಗ್ಗುತ್ತದೆ, ದವಡೆಯ ಬಳಿ ಹಿಂದಕ್ಕೆ, ಮೂಗಿನ ತುದಿಯನ್ನು ಮೆಲ್ಲನೆ ಎತ್ತಿ ಮೀಸೆಯ ಜಾಗವನ್ನು ಹರವುತ್ತದೆ. ಹೀಗೆ ಜಗ್ಗಿದಾಗ ಉಬ್ಬುತಗ್ಗು ಕಡಿಮೆಯಾಗಿ ಚರ್ಮ ಸಪಾಟಾಗುತ್ತದೆ, ಕತ್ತಿಯ ಕೋನ ಅಷ್ಟು ಹೊತ್ತು ಒಂದೇ ಇರುತ್ತದೆ, ಕೂದಲೂ ಬುಡದಿಂದ ಸ್ವಲ್ಪ ಎದ್ದು ನಿಲ್ಲುತ್ತದೆ. ಎಳೆತಗಳು ಯಾಕೆ ಅಷ್ಟು ಗಿಡ್ಡ ಎಂಬುದಕ್ಕೂ ಇದೇ ಉತ್ತರ. ಸಿನಿಮಾದಲ್ಲಿ ನಾಯಕ ಕಿವಿಯಿಂದ ಗದ್ದದವರೆಗೆ ಒಂದೇ ಉಸಿರಿಗೆ ಕತ್ತಿ ಎಳೆಯುತ್ತಾನಲ್ಲ, ಅದು ಕ್ಯಾಮೆರಾಕ್ಕೆ ಚೆಂದ. ಕುರ್ಚಿಯಲ್ಲಿ ಕೂತ ಗಿರಾಕಿಗೆ ಎರಡು ಮೂರು ಸೆಂಟಿಮೀಟರಿನ ಎಳೆತವೇ ಕ್ಷೇಮ.

ಅಮೆರಿಕದಲ್ಲಿ ಈ ವಿದ್ಯೆಯನ್ನು ಶಾಲೆಗೆ ತಂದಾತ ಎ. ಬಿ. ಮೋಲರ್. 1893ರಲ್ಲಿ ಅವನು ಷಿಕಾಗೊದಲ್ಲಿ ಕ್ಷೌರಿಕರ ತರಬೇತಿ ಶಾಲೆ ತೆರೆದ, ಪಠ್ಯಪುಸ್ತಕವನ್ನೂ ಬರೆದ. ಅಲ್ಲಿಯವರೆಗೆ ಹುಡುಗರು ಯಜಮಾನನ ಅಂಗಡಿಯಲ್ಲಿ ಕಸ ಗುಡಿಸುತ್ತ, ನೊರೆ ಕಲಸುತ್ತ ನೋಡಿ ಕಲಿಯಬೇಕಿತ್ತು. ಅಲ್ಲಿನ ಕ್ಷೌರ ಪಠ್ಯಗಳು ಮುಖವನ್ನು ಹದಿನಾಲ್ಕು ತುಂಡುಗಳಾಗಿ ವಿಂಗಡಿಸುತ್ತವೆ. ಯಾವ ತುಂಡಿಗೆ ಕೈ ಹೇಗೆ ತಿರುಗಬೇಕು ಎಂಬುದಕ್ಕೆ ನಾಲ್ಕು ಬಗೆಯ ಹಿಡಿತಗಳಿವೆ: ಅಂಗೈ ಒಳಮುಖ, ಹೊರಮುಖ, ಮತ್ತೆ ಇವೆರಡರ ತಿರುವುಮುರುವು. ಮೊದಲ ನೋಟಕ್ಕೆ ಇದೇನು ಕವಾಯತು ಅನ್ನಿಸುತ್ತದೆ. ಆದರೆ ಮಣಿಕಟ್ಟು ಒಂದು ಮಿತಿಯವರೆಗೆ ಮಾತ್ರ ತಿರುಗುತ್ತದೆ. ಅದನ್ನು ಮೀರಿ ತಿರುಚಿದರೆ ಬೆನ್ನು ತಾನಾಗಿಯೇ ಏಳುತ್ತದೆ. ಹಿಡಿತ ಬದಲಿಸುವುದು ಕೋನ ಬದಲಾಗದಿರಲಿ ಎಂದೇ. ತನ್ನ ಮುಖವನ್ನು ತಾನೇ ಹೆರೆದುಕೊಳ್ಳುವವನಿಗೆ ಇನ್ನೂ ಒಂದು ತೊಡಕು. ಬಲಗೈಯಿಂದ ಎಡಕೆನ್ನೆಗೆ ಹೋಗುವಾಗ ತೋಳು ಮೂಗನ್ನು ದಾಟಬೇಕು, ಕನ್ನಡಿ ಮರೆಯಾಗುತ್ತದೆ, ಹಿಡಿ ಮೂಗಿಗೆ ತಗಲುತ್ತದೆಂದು ಅವನು ಬೆನ್ನನ್ನು ಎತ್ತಿಬಿಡುತ್ತಾನೆ. ಎಡಕೆನ್ನೆಗೆ ಎಡಗೈಯಲ್ಲೇ ಕತ್ತಿ ಹಿಡಿಯುವ ಅಭ್ಯಾಸ ಮಾಡಿಕೊಂಡವರು ಈ ಕಾರಣಕ್ಕೆ ಜಾಣರು.

ಇಷ್ಟು ಹೊತ್ತು ಕಣ್ಣಿನ ಮಾತಾಯಿತು. ಬಾನುಲಿಗೆ ತಕ್ಕ ಸಂಗತಿ ಇನ್ನೊಂದಿದೆ: ಕೋನ ಕಿವಿಗೂ ಕೇಳುತ್ತದೆ.

ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹಳೆಯ ಕತ್ತಿಗಳು ಗಟ್ಟಿ ಬೆಣೆಗಳು. ಬೆನ್ನಿನಿಂದ ಬಾಯಿಯವರೆಗೆ ಉಕ್ಕು ತುಂಬಿಕೊಂಡಿರುತ್ತದೆ. ಹತ್ತೊಂಬತ್ತನೆಯ ಶತಮಾನ ಮುಂದುವರಿದಂತೆ ಅಲಗಿನ ಎರಡೂ ಪಕ್ಕಗಳನ್ನು ಸಣ್ಣ ಸಾಣೆಚಕ್ರಗಳ ನಡುವೆ ಒಳಬಾಗಿಸಿ ಸವೆಸುವ ರೀತಿ ಬಂತು. ಜರ್ಮನಿಯ ಜೋಲಿಂಗೆನ್ ಅದಕ್ಕೆ ಹೆಸರುವಾಸಿಯಾಯಿತು. ಆ ಊರಿನ ಹೆಸರಿಗೆ ಎಷ್ಟು ಬೆಲೆಯೆಂದರೆ ಅಲ್ಲಿ ತಯಾರಾಗದ ಅಲಗಿನ ಮೇಲೆ ಅದನ್ನು ಕೆತ್ತದಂತೆ 1938ರಲ್ಲಿ ಕಾನೂನೇ ಆಯಿತು. ಪೂರ್ತಿ ಒಳಬಾಗಿಸಿದ ಕತ್ತಿಯ ಅಲಗು ಕಾಗದದಷ್ಟು ತೆಳು. ಕೂದಲು ಕತ್ತರಿಸುವಾಗ ಅದು ಕಂಪಿಸುತ್ತದೆ, ಕಂಪಿಸುವಾಗ ಸದ್ದು ಮಾಡುತ್ತದೆ. ಹಾಡುವ ಕತ್ತಿ ಎಂದು ಬಳಸುವವರು ಕರೆಯುವುದು ಇದನ್ನೇ. ಕೋನ ಸರಿಯಿದ್ದಾಗ ಸದ್ದು ಚರಚರನೆ ಸ್ಪಷ್ಟ. ಕತ್ತಿ ಮಲಗಿದರೆ ಸದ್ದೇ ಇಲ್ಲ, ಜಾರುವ ನೊರೆ ಅಷ್ಟೆ. ಎದ್ದು ನಿಂತರೆ ಕೆರೆಯುವ ಒರಟು ದನಿ. ಹಾಗಾಗಿ ಕಲಿಯುವ ದಿನಗಳಲ್ಲಿ ಬಚ್ಚಲಮನೆಯ ನಲ್ಲಿಯನ್ನು ನಿಲ್ಲಿಸಿ, ರೇಡಿಯೋವನ್ನೂ ಆರಿಸಿ ಹೆರೆದುಕೊಳ್ಳುವುದು ಒಳ್ಳೆಯದು. ಆಕಾಶವಾಣಿಯವರು ಈ ಸಲಹೆಯನ್ನು ಕ್ಷಮಿಸಬೇಕು.

17 ಡಿಗ್ರಿಯ ಬೆಣೆ ಎಂದೆವಲ್ಲ, ಅಷ್ಟು ತೆಳುವಾದ ಬಾಯಿ ಮಡಚಿಕೊಳ್ಳದೆ, ಸಿಡಿಯದೆ ನಿಲ್ಲಬೇಕಾದರೆ ಉಕ್ಕು ಒಳ್ಳೆಯದಿರಬೇಕು. ಈ ಕತೆಯಲ್ಲಿ ನಮ್ಮ ಕಡೆಯವರಿಗೂ ಒಂದು ಪಾಲಿದೆ. ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಯಲ್ಲಿ ಕಬ್ಬಿಣ ಮತ್ತು ಸೌದೆ ಚೂರುಗಳನ್ನು ಮುಚ್ಚಿ ಕಾಯಿಸಿ ಉಕ್ಕಿನ ಗಟ್ಟಿಗಳನ್ನು ತೆಗೆಯುತ್ತಿದ್ದರು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕೆಲಸವನ್ನು ಕಣ್ಣಾರೆ ನೋಡಿ ವಿವರವಾಗಿ ಬರೆದಿಟ್ಟಿದ್ದಾನೆ. ಅದಕ್ಕೆ ಕೆಲವೇ ವರ್ಷ ಮೊದಲು ಇಂಥ ಭಾರತೀಯ ಉಕ್ಕಿನ ಗಟ್ಟಿಗಳು ಬೊಂಬಾಯಿಯಿಂದ ಲಂಡನ್ನಿನ ರಾಯಲ್ ಸೊಸೈಟಿಗೆ ಹೋಗಿದ್ದವು; 1795ರಲ್ಲಿ ಜಾರ್ಜ್ ಪಿಯರ್ಸನ್ ಅವುಗಳ ಪರೀಕ್ಷೆಯ ವರದಿ ಪ್ರಕಟಿಸಿದ. ಲಂಡನ್ನಿನ ಶಸ್ತ್ರ ತಯಾರಕ ಜೇಮ್ಸ್ ಸ್ಟೋಡಾರ್ಟ್ ಅದರಿಂದ ಕ್ಷೌರದ ಕತ್ತಿಗಳನ್ನೂ ವೈದ್ಯರ ಶಸ್ತ್ರಗಳನ್ನೂ ಮಾಡಿ ಮಾರಿದ. ವರ್ಷಗಟ್ಟಲೆ ಹೋಲಿಸಿ ನೋಡಿದ ಮೇಲೆ ಯೂರೋಪಿನ ಅತ್ಯುತ್ತಮ ಉಕ್ಕಿಗಿಂತ ಇದೇ ಮೇಲೆಂದು ಕಂಡುಕೊಂಡಿರುವುದಾಗಿ ತನ್ನ ಅಂಗಡಿಯ ಚೀಟಿಯಲ್ಲೇ ಅಚ್ಚು ಹಾಕಿಸಿದ್ದ. ಮುಂದೆ 1820ರ ಸುಮಾರಿಗೆ ಇದೇ ಸ್ಟೋಡಾರ್ಟ್ ಜೊತೆ ಸೇರಿ ಉಕ್ಕಿನ ಮಿಶ್ರಲೋಹಗಳ ಪ್ರಯೋಗ ನಡೆಸಿದವನು ಮೈಕೆಲ್ ಫ್ಯಾರಡೆ. ವಿದ್ಯುತ್ತಿನ ಆ ಮಹಾನುಭಾವ ತನ್ನ ಉಕ್ಕಿನ ಕ್ಷೌರದ ಕತ್ತಿಗಳನ್ನು ಗೆಳೆಯರಿಗೆ ಉಡುಗೊರೆ ಕೊಡುತ್ತಿದ್ದನಂತೆ.

ಒಳ್ಳೆಯ ಉಕ್ಕಿನ ಕತ್ತಿಯನ್ನೂ ಆಗಾಗ ಮಸೆಯಬೇಕು, ಆದರೆ ಸಾಣೆಕಲ್ಲಿನ ಮೇಲೆ ಕೋನದ ಚಿಂತೆಯಿಲ್ಲ. ಅಡುಗೆ ಚಾಕು ಮಸೆಯುವಾಗ ಬೆನ್ನನ್ನು ಎಷ್ಟು ಎತ್ತಬೇಕೆಂದು ಕೈ ಲೆಕ್ಕ ಹಾಕಬೇಕು. ಕ್ಷೌರದ ಕತ್ತಿಯನ್ನು ಕಲ್ಲಿನ ಮೇಲೆ ಸುಮ್ಮನೆ ಮಲಗಿಸಿದರಾಯಿತು. ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗುತ್ತವೆ, ತಯಾರಿಸಿದವನು ಇಟ್ಟ ಕೋನ ತಾನಾಗಿ ಉಳಿಯುತ್ತದೆ. ಬಾಯಿ ಸವೆದಂತೆ ಬೆನ್ನೂ ಸವೆಯುವುದರಿಂದ ಮೂವತ್ತು ವರ್ಷ ಮಸೆದರೂ ಬೆಣೆ ಹೆಚ್ಚು ಕೆಡುವುದಿಲ್ಲ. ಕಲ್ಲಿನ ಮೇಲೆ ಬಾಯಿ ಮುಂದೆ, ಬೆನ್ನು ಹಿಂದೆ. ಚರ್ಮದ ಪಟ್ಟಿಯ ಮೇಲೆ ತೀಡುವಾಗ ಅದು ತಲೆಕೆಳಗು: ಬೆನ್ನು ಮುಂದೆ, ಬಾಯಿ ಹಿಂದೆ. ತುದಿಗೆ ಹೋಗಿ ತಿರುಗಿಸುವಾಗ ಕತ್ತಿಯನ್ನು ಬೆನ್ನಿನ ಮೇಲೆ ಹೊರಳಿಸಬೇಕು. ಬಾಯಿಯ ಮೇಲೆ ಹೊರಳಿಸಿದವನಿಗೆ ಹೊಸ ಪಟ್ಟಿಯ ಖರ್ಚು.

ಮುಖದ ಮೇಲೆ ಮಾತ್ರ ಕೋನವನ್ನು ಬಹುಕಾಲ ಯಾರೂ ಕಟ್ಟಿಕೊಡಲಿಲ್ಲ. ಕಟ್ಟಿಕೊಡಲು ಹೊರಟ ಮೊದಲಿಗರಲ್ಲಿ ಅದೇ ಪೆರೆಯೂ ಒಬ್ಬ. ಬಡಗಿಯ ಕೀಸುಳಿಯಲ್ಲಿ ಅಲಗು ಮರದ ಚೌಕಟ್ಟಿನಿಂದ ಕೂದಲೆಳೆಯಷ್ಟೇ ಹೊರಗಿರುವುದನ್ನು ನೋಡಿ ಕ್ಷೌರದ ಕತ್ತಿಗೂ ಅಂಥದೊಂದು ಮರದ ಕಾಪು ತೊಡಿಸಿದ. ಅಲಗು ಆಳಕ್ಕೆ ಇಳಿಯದಂತೆ ಅದು ತಡೆಯಿತು. 1847ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಯಾಮ್ಯುಯೆಲ್ ಹೆನ್ಸನ್ ಅಲಗನ್ನು ಗುದ್ದಲಿಯ ಹಾಗೆ ಹಿಡಿಗೆ ಅಡ್ಡವಾಗಿ ಕೂರಿಸಿ ಪೇಟೆಂಟ್ ಪಡೆದ. ಉಗಿಯಿಂದ ಹಾರುವ ವಿಮಾನದ ಕನಸು ಕಂಡು ಅದಕ್ಕೂ ಪೇಟೆಂಟ್ ಮಾಡಿಸಿದ್ದ ಆಸಾಮಿ ಇವನೇ. ವಿಮಾನ ಹಾರಲಿಲ್ಲ, ಅಡ್ಡ ಅಲಗಿನ ರೇಜರ್ ಇಂದಿಗೂ ಪ್ರತಿ ಬಚ್ಚಲಮನೆಯಲ್ಲಿದೆ. 1880ರಲ್ಲಿ ನ್ಯೂಯಾರ್ಕಿನ ಕ್ಯಾಂಫೆ ಸಹೋದರರದು ಇನ್ನೊಂದು ಸುರಕ್ಷಿತ ರೇಜರ್. ಕೊನೆಗೆ ಕಿಂಗ್ ಕ್ಯಾಂಪ್ ಜಿಲೆಟ್. 1903ರಲ್ಲಿ ಅವನ ಕಂಪನಿ ಮಾರಿದ್ದು 51 ರೇಜರ್, 168 ಬ್ಲೇಡು. 1904ರ ನವೆಂಬರಿನಲ್ಲಿ ಪೇಟೆಂಟ್ ಕೈಸೇರಿತು, ಆಮೇಲಿನದು ಎಲ್ಲರಿಗೂ ಗೊತ್ತಿರುವ ವ್ಯಾಪಾರದ ಕತೆ.

ಜಿಲೆಟ್ ಎಂದರೆ ಎಲ್ಲರೂ ಎಸೆಯುವ ಬ್ಲೇಡನ್ನು ನೆನೆಯುತ್ತಾರೆ. ಗಡ್ಡದ ದೃಷ್ಟಿಯಿಂದ ನೋಡಿದರೆ ಅವನ ಯಂತ್ರ ಮಾಡಿದ ದೊಡ್ಡ ಕೆಲಸ ಬೇರೆ: ಬ್ಲೇಡನ್ನು ಬಾಗಿಸಿ ಎರಡು ತಗಡುಗಳ ನಡುವೆ ಬಿಗಿದು, ಕೋನವನ್ನು ಕೈಯಿಂದ ಕಿತ್ತು ಲೋಹಕ್ಕೆ ಕೊಟ್ಟಿತು. ಹಿಡಿಯನ್ನು ಎಷ್ಟು ಓರೆ ಮಾಡಬೇಕೆಂಬ ಸಣ್ಣ ಸ್ವಾತಂತ್ರ್ಯ ಮಾತ್ರ ಬಳಸುವವನಿಗೆ ಉಳಿಯಿತು. 1971ರ ಜೋಡಿ ಬ್ಲೇಡಿನ ಕಾರ್ಟ್ರಿಜ್ ಬ್ಲೇಡಿನ ಕೋನವನ್ನು ಪ್ಲಾಸ್ಟಿಕ್ಕಿನಲ್ಲಿ ಮುದ್ರೆಯೊತ್ತಿತು. 1977ರಲ್ಲಿ ತಲೆಯೇ ಅಲ್ಲಾಡುವ ರೇಜರ್ ಬಂತು. ಗದ್ದದ ತಿರುವಿನಲ್ಲಿ ಎಡಗೈಯೂ ಮಣಿಕಟ್ಟೂ ಸೇರಿ ಮಾಡುತ್ತಿದ್ದ ಕೆಲಸ ಒಂದು ಪುಟ್ಟ ತಿರುಗಣೆಯ ಪಾಲಾಯಿತು. ಅನುಕೂಲ ನಿಜ. ಆದರೆ ಗಡ್ಡ ಹೆರೆಯಲು ಬರುತ್ತದೆ ಎಂದು ಹೇಳಿಕೊಳ್ಳುವ ನಮ್ಮಲ್ಲಿ ಹೆಚ್ಚಿನವರಿಗೆ ನಿಜವಾಗಿ ಬರುವುದು ಹಿಡಿ ಎಳೆಯುವುದಷ್ಟೇ.

ಕೂದಲಿನ ಬಗೆಗೂ ಒಂದು ಮಾತು. ಅಷ್ಟು ಮೆತ್ತನೆಯ ವಸ್ತು ಉಕ್ಕನ್ನು ಹೇಗೆ ಕೆಡಿಸುತ್ತದೆ ಎಂಬುದು ಹಳೆಯ ಒಗಟು. ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕ ಜಾನ್‌ಲೂಕಾ ರೋಸ್ಚೊಲಿ ಬಳಸಿ ಬಿಸಾಡುವ ರೇಜರಿನಿಂದ ತನ್ನದೇ ಗಡ್ಡ ತೆಗೆದು, ಪ್ರತಿ ಸಲ ಅಲಗನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದ. ಅಲಗು ಉರುಟಾಗಿ ಸವೆದಿರಲಿಲ್ಲ, ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಪ್ರಾಧ್ಯಾಪಕ ಜೆಮ್ ತಸನ್ ಮತ್ತು ಇತರರ ಜೊತೆ ಅವನು ಬರೆದು 2020ರ ಆಗಸ್ಟಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಬರಹದ ಪ್ರಕಾರ, ಉಕ್ಕಿಗಿಂತ ಸುಮಾರು 50 ಪಟ್ಟು ಮೃದುವಾದ ಕೂದಲು ಚಕ್ಕೆ ಎಬ್ಬಿಸುವುದು ಅದು ಬಾಗಿ ಅಲಗಿಗೆ ಓರೆಯಾಗಿ ಸಿಕ್ಕಿದಾಗ, ಅದೂ ಉಕ್ಕಿನ ರಚನೆ ಏಕರೂಪವಾಗಿಲ್ಲದ ಜಾಗದಲ್ಲಿ. ಅವರು ಪರೀಕ್ಷಿಸಿದ್ದು ಮಡಚುವ ಕತ್ತಿಯನ್ನಲ್ಲ. ಆದರೂ ಚರ್ಮ ಜಗ್ಗಿ ಕೂದಲನ್ನು ನಿಲ್ಲಿಸಿಕೊಳ್ಳುವ ಎಡಗೈಯ ಪರವಾಗಿ ಇದನ್ನೊಂದು ಸಾಕ್ಷಿಯೆಂದು ಎಣಿಸಿದರೆ ತಪ್ಪಿಲ್ಲ.

ಕರ್ನಾಟಕದ ಕ್ಷೌರದಂಗಡಿಗಳಲ್ಲಿ ಈಗ ಸಾಣೆಕಲ್ಲು, ಗೋಡೆಗೆ ನೇತುಹಾಕಿದ ಚರ್ಮದ ಪಟ್ಟಿ ಅಪರೂಪ. 1986ರಲ್ಲಿ ದೇಶದಲ್ಲಿ ಎಚ್‌ಐವಿ ಪತ್ತೆಯಾಗಿ ಅದರ ಬಗ್ಗೆ ಎಚ್ಚರ ಹಬ್ಬಿದ ಮೇಲೆ ಗಿರಾಕಿಗೊಂದು ಹೊಸ ಬ್ಲೇಡು ಎಂಬುದು ರೂಢಿಯಾಯಿತು. ಬ್ಲೇಡನ್ನು ಕಾಗದದ ಸಮೇತ ಉದ್ದಕ್ಕೆ ಮುರಿದು, ಅರ್ಧವನ್ನು ಕತ್ತಿಯಾಕಾರದ ಹಿಡಿಗೆ ಸೇರಿಸುತ್ತಾರೆ. ನೋಡಲು ಅದೇ ಕತ್ತಿ, ಆದರೆ ಕೋನದ ವಿಷಯದಲ್ಲಿ ಬೇರೆ ಪ್ರಾಣಿ. ಬ್ಲೇಡಿನ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಹಿಡಿಯಿಂದ ಹೊರಗೆ ಕಾಣುವುದು ಒಂದು ಸಣ್ಣ ಅಂಚು. ಬೆನ್ನನ್ನು ಅಳತೆಗೋಲಾಗಿ ಬಳಸುವ ಉಪಾಯ ಇಲ್ಲಿ ನಡೆಯದು. ಬ್ಲೇಡಿನ ಮೂಲೆಗಳೂ ಚೂಪು. ಹಳೆಯ ಕತ್ತಿ ಹಿಡಿದು ಪಳಗಿದವರು ಇದಕ್ಕೆ ಬದಲಾದಾಗ ಕೈ ಇನ್ನಷ್ಟು ಹಗುರ ಮಾಡಿಕೊಳ್ಳಬೇಕು, ಹಿಡಿಯನ್ನು ಇನ್ನಷ್ಟು ಮಲಗಿಸಿಕೊಳ್ಳಬೇಕು. ಮನೆಯಲ್ಲಿ ಕಲಿಯಲು ಹೊರಟವರು ಅಗ್ಗವೆಂದು ಮೊದಲಿಗೆ ಇದನ್ನೇ ಕೊಳ್ಳುತ್ತಾರೆ, ಕಷ್ಟದ್ದನ್ನೇ ಮೊದಲು ಕೈಗೆತ್ತಿಕೊಳ್ಳುತ್ತಾರೆ.

ಹೇಗಾದರೂ ಶುರು ಮಾಡುವವರಿಗೆ ಕ್ರಮ ಹೀಗಿದೆ. ಸ್ನಾನದ ನಂತರ, ಗಡ್ಡ ನೀರು ಕುಡಿದು ಮೆತ್ತಗಾದ ಮೇಲೆ ಕೂರಬೇಕು. ಮೊದಲ ಕೆಲವು ದಿನ ಕಿವಿಯ ಪಕ್ಕದಿಂದ ಕೆನ್ನೆಯ ಸಪಾಟು ಭಾಗದವರೆಗೆ ಮಾತ್ರ ಕತ್ತಿ, ಉಳಿದದ್ದಕ್ಕೆ ನಿತ್ಯದ ರೇಜರ್. ಕತ್ತಿಯನ್ನು ಪೂರ್ತಿ ಮಲಗಿಸಿ, ಬೆನ್ನನ್ನು ನಿಧಾನಕ್ಕೆ ಎತ್ತುತ್ತ, ಕೂದಲು ಕತ್ತರಿಸುವ ಸದ್ದು ಕೇಳಿದಲ್ಲಿ ನಿಲ್ಲಿಸಿಕೊಳ್ಳಬೇಕು. ಕೂದಲು ಬೆಳೆದ ದಿಕ್ಕಿಗೇ ಎಳೆಯಬೇಕು. ಎದುರು ದಿಕ್ಕಿನ ಎಳೆತ ಬಹಳ ಮುಂದಿನ ಪಾಠ. ಅಲಗು ಚರ್ಮದ ಮೇಲಿರುವಾಗ ಅದರ ಉದ್ದಕ್ಕೆ, ಗರಗಸ ಎಳೆದಂತೆ, ಎಂದಿಗೂ ಜಾರಿಸಬಾರದು. ಕೋನ ಎಷ್ಟೇ ಸರಿಯಿದ್ದರೂ ಹಾಗೆ ಜಾರಿದ ಅಲಗು ಚರ್ಮವನ್ನು ಸೀಳುತ್ತದೆ. ಕೆನ್ನೆ ಪಳಗಿದ ಮೇಲೆ ದವಡೆ, ಆಮೇಲೆ ಕುತ್ತಿಗೆ. ಕುತ್ತಿಗೆಯಲ್ಲಿ ಕೂದಲು ಒಂದು ಕಡೆ ಕೆಳಕ್ಕೆ, ಇನ್ನೊಂದು ಕಡೆ ಅಡ್ಡಕ್ಕೆ ಬೆಳೆದಿರುತ್ತದೆ. ಬೆರಳಾಡಿಸಿ ಮೊದಲೇ ತಿಳಿದುಕೊಳ್ಳಬೇಕು. ಗಂಟಲಮಣಿಯ ಮೇಲಿನ ಚರ್ಮವನ್ನು ಒಂದು ಪಕ್ಕಕ್ಕೆ ಜಗ್ಗಿ ಅಲ್ಲಿ ಹೆರೆಯಬೇಕು. ಗದ್ದ ಮತ್ತು ಮೇಲ್ದುಟಿ ಎಲ್ಲಕ್ಕಿಂತ ಕೊನೆಗೆ. ಮುಗಿದ ಮೇಲೆ ಒದ್ದೆ ಪಟಿಕದ ತುಂಡನ್ನು ಮುಖಕ್ಕೆ ಸವರಿಕೊಂಡರೆ ಎಲ್ಲಿ ಹೆಚ್ಚು ಉರಿಯುತ್ತದೋ ಅಲ್ಲಿ ಆ ದಿನ ಬೆನ್ನು ಮೇಲೆದ್ದಿತ್ತು, ಇಲ್ಲವೇ ಕೈ ಭಾರವಾಗಿತ್ತು ಎಂದು ತಿಳಿಯುತ್ತದೆ. ಕತ್ತಿಯನ್ನು ಒರೆಸಿ, ಪೂರ್ತಿ ಒಣಗಿಸಿ ಮಡಚಿಡಬೇಕು. ಹಿಡಿಯೊಳಗೆ ನೀರು ಉಳಿದರೆ ಮರುದಿನಕ್ಕೇ ಬಾಯಿಗೆ ತುಕ್ಕಿನ ಚುಕ್ಕೆ.